ತಾಯಿ ಬಂದ ದಿನ ಮಗು ಹಾಜರು

(ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಸದಸ್ಯರು, ಮುಖ್ಯ ಶಿಕ್ಷಕರು ಮತ್ತು ಪೋಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ‘ವಿಶೇಷ ಅಗತ್ಯವುಳ್ಳ ಮಕ್ಕಳ ಹಾಜರಾತಿ ಮತ್ತು ಸುರಕ್ಷತೆ’ ಎಂದು ವಿಷಯ ಕೊಟ್ಟಿದ್ದೀರಿ. ಇಂಥ ವಿಷಯ ಸಿಕ್ಕರೆ ‘ನಮ್ಮ ಪೋಷಕರಲ್ಲಿ ಜಾಗೃತಿಯೇ ಇಲ್ಲ’ ಎಂದು ಮಾತು ಶುರು ಮಾಡುವುದು ವಾಡಿಕೆ. ಬಿಐಇಆರ್‌ಟಿಯಾಗಿ, ಅಂದರೆ ಈ ಮಕ್ಕಳಿಗಾಗಿ ತಾಲ್ಲೂಕಿನ ಶಾಲೆಗಳನ್ನು ಸುತ್ತುವ ಸಂಪನ್ಮೂಲ ಶಿಕ್ಷಕಿಯಾಗಿ, ಮನೆಮನೆ ತಿರುಗಿದ ನನಗೆ ಆ ಮಾತು ಬಾಯಿಗೆ ಬರುವುದಿಲ್ಲ. ನಡೆಯಲಾಗದ ಮಗುವನ್ನು ಹೆತ್ತ ತಾಯಿಗೆ ಶಿಕ್ಷಣದ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾನಿಲ್ಲದ ಕಾಲಕ್ಕೆ ಇವನ ಗತಿಯೇನು ಎಂದು ಅವಳು ರಾತ್ರಿಯೆಲ್ಲ ಯೋಚಿಸಿರುತ್ತಾಳೆ.

ನಾನು ಹೇಳಬೇಕೆಂದು ಬಂದಿರುವುದು ಇಷ್ಟು. ಇಂಥ ಮಗುವಿನ ಹಾಜರಾತಿ ಎಂದು ನಾವು ಪುಸ್ತಕದಲ್ಲಿ ಬರೆದುಕೊಳ್ಳುವುದು ಬಹುಪಾಲು ಅದರ ತಾಯಿಯ ಹಾಜರಾತಿ. ಅವಳಿಗೆ ಬರಲು ಆದ ದಿನ ಮಗು ಬಂದಿದೆ, ಆಗದ ದಿನ ಬಂದಿಲ್ಲ. ಅನುಮಾನವಿದ್ದರೆ ನಿಮ್ಮ ಶಾಲೆಯ ಹಾಜರಿ ಪುಸ್ತಕ ತೆಗೆದು, ಅಂಥ ಒಂದು ಮಗುವಿನ ಒಂದು ತಿಂಗಳ ಸಾಲಿನಲ್ಲಿ ಗೈರಾದ ದಿನಗಳನ್ನು ಗುರುತು ಹಾಕಿಕೊಂಡು ತಾಯಿಯ ಹತ್ತಿರ ಹೋಗಿ ಕೇಳಿ. ಕಳೆ ತೆಗೆಯುವ ಕೂಲಿಗೆ ಹೋದದ್ದು, ಚಿಕ್ಕದಕ್ಕೆ ಜ್ವರ ಬಂದದ್ದು, ಸಂಘದ ಕಂತು ಕಟ್ಟಲು ಹೋದದ್ದು, ತವರಿನಲ್ಲಿ ಸಾವಾದದ್ದು, ಅವಳದೇ ಸೊಂಟ ಹಿಡಿದುಕೊಂಡದ್ದು. ಮಗುವಿಗೇ ಮೈ ಸರಿಯಿಲ್ಲದ ದಿನಗಳು ಅದರಲ್ಲಿ ಕೆಲವು ಮಾತ್ರ.

ಒಂದು ಶಾಲೆಯ ಪಡಸಾಲೆಯನ್ನು ನೆನಪಿಸಿಕೊಂಡು ಹೇಳುತ್ತೇನೆ. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ ಇರುವ ಹುಡುಗ, ಮೂರನೆಯ ತರಗತಿ. ತಾಯಿ ಅವನನ್ನು ಸೊಂಟದ ಮೇಲೆ ಹೊತ್ತು ತಂದು ಒಳಗೆ ಗೋಡೆಗೆ ಒರಗಿಸಿ ಕೂರಿಸುತ್ತಾಳೆ. ಆಮೇಲೆ ಅವಳು ಮನೆಗೆ ಹೋಗುವುದಿಲ್ಲ. ಚಪ್ಪಲಿ ಬಿಡುವ ಜಾಗದ ಪಕ್ಕದ ಕಂಬಕ್ಕೆ ಒರಗಿ ಸಂಜೆಯವರೆಗೆ ಕೂತಿರುತ್ತಾಳೆ. ಮೂತ್ರಕ್ಕೆ ಕರೆದೊಯ್ಯಲು ಬೇರೆ ಯಾರೂ ಇಲ್ಲ ಎಂಬುದು ಕಾರಣ. ಬೆಳಗ್ಗೆ ಮಗನಿಗೆ ಚಹಾ ಇಲ್ಲ, ನೀರು ಎರಡು ಗುಟುಕು. ಕ್ಷೀರಭಾಗ್ಯದ ಹಾಲನ್ನು ಅರ್ಧಕ್ಕೆ ನಿಲ್ಲಿಸಿ ಉಳಿದದ್ದನ್ನು ಪಕ್ಕದ ಹುಡುಗನ ಲೋಟಕ್ಕೆ ಸುರಿಯುತ್ತಾಳೆ. ಬಿಸಿಯೂಟಕ್ಕೂ ನೀರು ಲೆಕ್ಕದ ಮೇಲೆಯೇ. ತರಗತಿಯ ಶಿಕ್ಷಕರು ಒಳ್ಳೆಯವರು. ‘ಇವನು ಹೆಚ್ಚು ನೀರು ಕುಡಿಯುವುದಿಲ್ಲ ಮೇಡಂ’ ಎಂದರು. ಕುಡಿಯಬಾರದೆಂಬುದನ್ನು ಹುಡುಗ ಅಕ್ಷರ ಕಲಿಯುವ ಮೊದಲೇ ಕಲಿತಿದ್ದ. ಬೇಸಿಗೆಯಲ್ಲಿ ಹೀಗೆ ನೀರು ಬಿಟ್ಟ ಮಗುವಿಗೆ ಮೂತ್ರದ ಸೋಂಕು, ಸೋಂಕಿಗೆ ಜ್ವರ, ಜ್ವರಕ್ಕೆ ಒಂದು ವಾರ ರಜೆ. ಪುಸ್ತಕದಲ್ಲಿ ಕಾರಣ ‘ಅನಾರೋಗ್ಯ’ ಎಂದಿರುತ್ತದೆ. ಶೌಚಾಲಯ ಎಂದು ಯಾರೂ ಬರೆಯುವುದಿಲ್ಲ.

ಆ ಶಾಲೆಯಲ್ಲಿ ಶೌಚಾಲಯ ಇರಲಿಲ್ಲವೇ? ಇತ್ತು. ಬಾಗಿಲ ಮೇಲೆ ಗಾಲಿಕುರ್ಚಿಯ ಚಿತ್ರ ಬರೆಸಿದ್ದರು, ಬೀಗ ಹಾಕಿದ್ದರು. ಒಳಗೆ ಪೊರಕೆ, ಮುರಿದ ಬೆಂಚು, ಸುಣ್ಣದ ಡಬ್ಬ. ಬೀಗ ತೆಗೆದರೂ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಗಾಲಿಕುರ್ಚಿ ಒಳಗೆ ಹೋದರೆ ಬಾಗಿಲು ಮುಚ್ಚುವುದಿಲ್ಲ, ಬಾಗಿಲು ಮುಚ್ಚಬೇಕಾದರೆ ಕುರ್ಚಿ ಹೊರಗಿರಬೇಕು. ಬಾಗಿಲು ಹೊರಕ್ಕೆ ತೆರೆಯಬೇಕು, ಕಮೋಡಿನ ಪಕ್ಕ ಹಿಡಿದುಕೊಳ್ಳಲು ಕಬ್ಬಿಣದ ಸರಳು ಬೇಕು. ತಿಜೋರಿ ತುಂಬ ಹಣ ಬೇಕಾದ ಕೆಲಸವೇನಲ್ಲ, ಕಟ್ಟುವಾಗ ಒಬ್ಬರು ನೋಡಿ ಹೇಳಿದ್ದರೆ ಸಾಕಿತ್ತು.

ರ‍್ಯಾಂಪಿನ ಕಥೆಯೂ ಇದೇ. ನಿಮ್ಮಲ್ಲಿ ಗಾರೆ ಕೆಲಸದವರು ಇರಬಹುದು, ಇದನ್ನು ಅವರಿಗಾಗಿಯೇ ಹೇಳುತ್ತೇನೆ. ಇಳಿಜಾರಿನ ಅಳತೆ ಒಂದಕ್ಕೆ 12. ಒಂದು ಅಡಿ ಏರಲು 12 ಅಡಿ ಉದ್ದ ಬೇಕು. ಶಾಲೆಯ ಜಗಲಿ ನೆಲದಿಂದ 2 ಅಡಿ ಎತ್ತರವಿದ್ದರೆ ರ‍್ಯಾಂಪ್ 24 ಅಡಿ ಬರಬೇಕು. ಅಷ್ಟು ಜಾಗ ನೇರಕ್ಕೆ ಸಿಗದಿದ್ದರೆ ಮಧ್ಯೆ ಸಮತಟ್ಟು ಕೊಟ್ಟು ತಿರುಗಿಸಬೇಕು. ನಾನು ನೋಡಿದ ಎಷ್ಟೋ ಕಡೆ ಅದನ್ನು ಏಳೆಂಟು ಅಡಿಗೆ ಮುಗಿಸಿ, ಮೇಲೆ ನುಣ್ಣಗೆ ಸಿಮೆಂಟು ತೀಡಿಬಿಟ್ಟಿದ್ದರು. ಅದರ ಮೇಲೆ ಗಾಲಿಕುರ್ಚಿ ತಳ್ಳಲು ಇಬ್ಬರು ಗಂಡಸರು ಬೇಕು, ಇಳಿಸುವಾಗ ಮೂವರು. ಉಳಿದ ಮಕ್ಕಳಿಗೆ ಜಾರುಬಂಡೆ ಸಿಕ್ಕಿತು ಎಂಬುದಷ್ಟೇ ಲಾಭ. ಶಾಲೆಗಳ ಮಾಹಿತಿ ಕೇಳುವ ಸರ್ಕಾರದ ಯುಡೈಸ್ ನಮೂನೆಯಲ್ಲಿ ‘ರ‍್ಯಾಂಪ್ ಇದೆಯೇ’ ಎಂಬ ಕಾಲಂಗೆ ಈ ಶಾಲೆಗಳೆಲ್ಲ ‘ಹೌದು’ ಎಂದು ತುಂಬಿವೆ. ಇನ್ನು ಮುಂದೆ ಬಿಲ್ ಪಾಸಾಗುವ ಮುಂಚೆ ಎಸ್‌ಡಿಎಂಸಿಯವರು ಟೇಪು ಹಿಡಿದು ಅಳೆಯಿರಿ. ನಿಮ್ಮ ಮನೆಯ ಕೆಲಸವಾಗಿದ್ದರೆ ಅಳೆಯದೆ ಬಿಡುತ್ತಿದ್ದಿರೇ?

ಹಣದ ಮಾತು ಬಂದಾಗ ಎಲ್ಲರೂ ಇಲಾಖೆಯ ಕಡೆ ಕೈ ತೋರಿಸುತ್ತಾರೆ. ಗ್ರಾಮ ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಮೀಸಲಿಡಬೇಕು. ವರ್ಷದ ಕೊನೆಗೆ ಆ ಹಣದಲ್ಲಿ ಏನಾದರೊಂದು ಸಾಮಗ್ರಿ ಹಂಚಿ, ಫೋಟೊ ತೆಗೆಸಿ ಮುಗಿಸುವ ಪಂಚಾಯಿತಿಗಳಿವೆ. ಶಾಲೆಯ ಶೌಚಾಲಯದ ಸರಳಿಗೆ, ಮಕ್ಕಳನ್ನು ಎತ್ತಿ ಇಳಿಸುವ ಒಬ್ಬ ಸಹಾಯಕಿಯ ಗೌರವಧನಕ್ಕೆ ಅದರಲ್ಲಿ ದಾರಿ ಇದೆಯೇ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಕೇಳಿದ್ದು ನಡಾವಳಿಯಲ್ಲಿ ದಾಖಲಾಗಲಿ. ದಯವಿಟ್ಟು ಬಿಸಿಯೂಟದ ಅಡುಗೆಯವರ ಮೇಲೆ ಈ ಕೆಲಸ ಹೊರಿಸಬೇಡಿ. ಅವರಿಗೆ ಸಿಗುವ ಸಂಭಾವನೆಗೆ ಈಗ ಮಾಡುತ್ತಿರುವ ಕೆಲಸವೇ ಹೆಚ್ಚು.

ಇನ್ನು ದಾರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಮಗುವನ್ನು ಕರೆದೊಯ್ಯುವ ತಾಯಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಕೆಲವು ಮನೆಗಳಲ್ಲಿ ಇದು ನಿಜವಾಗಿಯೂ ವ್ಯತ್ಯಾಸ ಮಾಡಿದೆ. ಆದರೆ ಬಸ್ಸು ತಾಂಡಾದೊಳಗೆ ಬರುವುದಿಲ್ಲ. ಮುಖ್ಯರಸ್ತೆಯವರೆಗೆ ಹೊತ್ತುಕೊಂಡೇ ನಡೆಯಬೇಕು, ಆಮೇಲೆ ಬಸ್ಸಿನ ಮೆಟ್ಟಿಲು ಮಂಡಿಯೆತ್ತರ. ಆರು ವರ್ಷದ ಮಗುವನ್ನು ಹೊರಬಹುದು. ಅದೇ ಮಗುವಿಗೆ ಹನ್ನೆರಡಾದಾಗ? ಐದನೆಯ ತರಗತಿಯ ನಂತರ ಶಾಲೆ ದೂರವಾಗುತ್ತದೆ, ಮಗುವಿನ ತೂಕ ಏರುತ್ತದೆ, ತಾಯಿಯ ಬೆನ್ನು ಇಳಿಯುತ್ತದೆ. ಏಳನೆಯ ತರಗತಿಯ ಹೊತ್ತಿಗೆ ಈ ಮಕ್ಕಳು ಕಾಣೆಯಾಗುವುದರಲ್ಲಿ ನಿಗೂಢವಾದದ್ದೇನೂ ಇಲ್ಲ.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇದಕ್ಕಾಗಿ ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ ಇವೆ. ಹೆಣ್ಣುಮಕ್ಕಳಿಗೆ ಬೇರೆಯಾಗಿ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಶಿಷ್ಯವೇತನವಿದೆ. ಮೊತ್ತ ಚಿಕ್ಕದು, ಅದು ಇರಲಿ. ಬರುವ ಹೊತ್ತು ನೋಡಿ. ಜೂನ್‌ನಲ್ಲಿ ಆಟೊದವನಿಗೆ ಕೊಡಬೇಕಾದ ದುಡ್ಡು ಫೆಬ್ರುವರಿ, ಮಾರ್ಚ್‌ನಲ್ಲಿ ಒಟ್ಟಿಗೆ ಖಾತೆಗೆ ಬಿದ್ದರೆ ಆಟೊದವನು ಅಲ್ಲಿಯವರೆಗೆ ಕಾಯುತ್ತಾನೆಯೇ? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೆಯ ಕಲಂ ಮಗುವಿಗೆ ಸಾರಿಗೆ ಸೌಲಭ್ಯ ಕೊಡಬೇಕು ಎಂದು ಹೇಳುವುದರ ಜೊತೆಗೆ, ಹೆಚ್ಚಿನ ನೆರವು ಬೇಕಾದ ಮಗುವಿನ ಜೊತೆ ಬರುವವರಿಗೂ ಕೊಡಬೇಕು ಎನ್ನುತ್ತದೆ. ಕಾಯ್ದೆ ಬರೆದವರ ಕಣ್ಣಿಗೆ ತಾಯಿ ಬಿದ್ದಿದ್ದಾಳೆ. ನಮ್ಮ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಸುರಕ್ಷತೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಖಾರವಾಗಿ ಮಾತನಾಡಿದರೆ ಮುಖ್ಯ ಶಿಕ್ಷಕರು ಬೇಸರಿಸಬಾರದು. ಮಗುವನ್ನು ಶಾಲೆಯಿಂದ ದೂರ ಇಡಲು ಈಗ ಯಾರೂ ‘ಬೇಡ’ ಎನ್ನುವುದಿಲ್ಲ, ‘ಅವನ ಸುರಕ್ಷತೆಗಾಗಿ’ ಎನ್ನುತ್ತಾರೆ. ಆಟಿಸಂ ಇರುವ ಒಬ್ಬ ಹುಡುಗ ಗೇಟು ದಾಟಿ ಕೆರೆಯ ಕಡೆ ಓಡಿದ. ಮರುದಿನ ಶಾಲೆಯವರು ತಂದೆಯನ್ನು ಕರೆಸಿ, ‘ಏನಾದರೂ ಆದರೆ ಶಾಲೆ ಜವಾಬ್ದಾರಿಯಲ್ಲ’ ಎಂದು ಮುಚ್ಚಳಿಕೆ ಬರೆಸಿಕೊಂಡರು. ಬರೆದುಕೊಟ್ಟ ಮೇಲೆ ಯಾವ ತಂದೆಗೆ ಮಗನನ್ನು ಕಳುಹಿಸುವ ಧೈರ್ಯ ಇರುತ್ತದೆ? ಹುಡುಗ ಮನೆಯಲ್ಲಿ ಉಳಿದ. ಮಗುವನ್ನು ಕಾಯುವುದು ಶಾಲೆಯ ಕರ್ತವ್ಯ. ತಂದೆಯ ಸಹಿ ಬಿದ್ದ ಮಾತ್ರಕ್ಕೆ ಅದು ಶಾಲೆಯ ಹೆಗಲಿನಿಂದ ಇಳಿಯುವುದಿಲ್ಲ. ಓಡುವ ಮಗುವಿಗೆ ಬೇಕಾದದ್ದು ಗೇಟಿಗೆ ಎತ್ತರದಲ್ಲೊಂದು ಅಗುಳಿ, ಬಾಗಿಲಿನಿಂದ ದೂರದ ಜಾಗ, ಯಾವ ಹೊತ್ತಿನಲ್ಲಿ ಓಡುತ್ತಾನೆ ಎಂದು ಗಮನಿಸುವ ಒಬ್ಬರು. ಆ ಹುಡುಗ ಓಡಿದ್ದು ಗಂಟೆ ಬಾರಿಸಿದ ಕೂಡಲೇ. ಗಂಟೆ ಅವನ ತರಗತಿಯ ಬಾಗಿಲಿಗೇ ತೂಗುಹಾಕಿತ್ತು. ಅದನ್ನು ಹತ್ತು ಮಾರು ಆಚೆ ಕಟ್ಟಬಹುದಿತ್ತು.

ಮೂರ್ಛೆರೋಗದ ವಿಷಯದಲ್ಲಿ ಇನ್ನೊಂದು ಬಗೆ. ಫಿಟ್ಸ್ ಬರುವುದನ್ನು ಹೇಳಿದರೆ ಶಾಲೆಗೆ ಸೇರಿಸಿಕೊಳ್ಳುವುದಿಲ್ಲ ಎಂದು ಪೋಷಕರು ಮುಚ್ಚಿಡುತ್ತಾರೆ. ಮುಚ್ಚಿಟ್ಟದ್ದು ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರ ಎದುರು ಬಯಲಾಗುತ್ತದೆ. ಆಗ ಒಬ್ಬರು ಕೈಗೆ ಬೀಗದ ಕೈ ಕೊಡುತ್ತಾರೆ, ಇನ್ನೊಬ್ಬರು ಬಾಯಿಗೆ ಚಮಚ ತುರುಕುತ್ತಾರೆ. ಎರಡೂ ಬೇಡ. ಮಗುವನ್ನು ಒಂದು ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಕುತ್ತಿಗೆಯ ಗುಂಡಿ ಸಡಿಲಿಸಿ, ಗಡಿಯಾರ ನೋಡಿ. ಬಾಯಿಗೆ ಏನನ್ನೂ ಹಾಕಬೇಡಿ, ಕೈಕಾಲು ಒತ್ತಿ ಹಿಡಿಯಬೇಡಿ. ಐದು ನಿಮಿಷ ಮೀರಿದರೆ, ಅಥವಾ ಒಂದರ ಹಿಂದೆ ಒಂದು ಬಂದರೆ 108ಕ್ಕೆ ಕರೆ ಮಾಡಿ. ಇದನ್ನು ಶಿಕ್ಷಕರ ಜೊತೆಗೆ ಏಳನೆಯ ತರಗತಿಯ ಮಕ್ಕಳಿಗೂ ಕಲಿಸಿ. ಭಯ ಇಳಿದ ಶಾಲೆಗೆ ಪೋಷಕರು ತಾವಾಗಿ ಬಂದು ಮಾತ್ರೆಯ ಚೀಟಿ ತೋರಿಸುತ್ತಾರೆ.

ಹೆಣ್ಣುಮಕ್ಕಳ ತಾಯಂದಿರು ಬಾಯಿಬಿಟ್ಟು ಹೇಳದ ಭಯ ಬೇರೆ. ಕಿವಿ ಕೇಳದ, ಮಾತು ಬಾರದ, ಬುದ್ಧಿ ನಿಧಾನವಾದ ಹುಡುಗಿ ತನಗಾದದ್ದನ್ನು ಹೇಳಲಾರಳು ಎಂಬುದು ಕೆಟ್ಟವರಿಗೂ ಗೊತ್ತಿರುತ್ತದೆ. 2012ರ ಪೋಕ್ಸೊ ಕಾಯ್ದೆ ಮಗುವಿನ ಅಂಗವೈಕಲ್ಯವನ್ನು ದುರುಪಯೋಗ ಮಾಡಿಕೊಂಡು ಎಸಗುವ ಅತ್ಯಾಚಾರವನ್ನು ಹೆಚ್ಚಿನ ಶಿಕ್ಷೆಯ ಅಪರಾಧವೆಂದು ಪ್ರತ್ಯೇಕವಾಗಿ ಹೆಸರಿಸಿದೆ. ಮಗುವಿನ ಹೇಳಿಕೆ ಪಡೆಯುವಾಗ ಅದರ ಸನ್ನೆ ತಿಳಿದವರ, ವಿಶೇಷ ಶಿಕ್ಷಕರ ನೆರವು ಪಡೆಯಲು ಅವಕಾಶ ಕೊಟ್ಟಿದೆ. ಆದ್ದರಿಂದ ‘ಅವಳಿಗೆ ಹೇಳಲು ಬರುವುದಿಲ್ಲ, ಕೇಸ್ ನಿಲ್ಲುವುದಿಲ್ಲ’ ಎಂದು ಊರ ಹಿರಿಯರು ಪಂಚಾಯಿತಿ ಮಾಡಿ ಮುಗಿಸುವುದಕ್ಕೆ ಅವಕಾಶವಿಲ್ಲ. ವಿಷಯ ಗೊತ್ತಿದ್ದೂ ದೂರು ಕೊಡದಿದ್ದರೆ ಅದೂ ಶಿಕ್ಷಾರ್ಹ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಗೋಡೆಗೆ ಬರೆಸಿದ್ದೀರಿ, ಒಳ್ಳೆಯದು. ಅದರ ಜೊತೆಗೆ ಆ ಹುಡುಗಿಗೆ ತನ್ನ ಮೈಯ ಭಾಗಗಳ ಹೆಸರನ್ನು, ‘ಬೇಡ’ ಎಂಬುದರ ಸನ್ನೆಯನ್ನು ಕಲಿಸಿ. ಅವಳ ಸನ್ನೆ ಅರ್ಥವಾಗುವ ಒಬ್ಬ ಶಿಕ್ಷಕಿಯಾದರೂ ಶಾಲೆಯಲ್ಲಿರಲಿ. ಅಂಥವರೊಬ್ಬರು ಇದ್ದಾರೆ ಎಂದು ಗೊತ್ತಾದರೆ ತಾಯಿ ಪಡಸಾಲೆ ಬಿಟ್ಟು ಮನೆಗೆ ಹೋಗುತ್ತಾಳೆ.

ನನ್ನ ಮಾತಿಗೆ ಅಪವಾದವೂ ಇದೆ. ತಾಯಿಯ ನೆರವೇ ಬೇಡದ, ಕಾಲು ಕೈ ಕಣ್ಣು ಎಲ್ಲ ಸರಿಯಿರುವ ಮಗು ಓದುವ ದಿನ ಹೊಟ್ಟೆನೋವು ಎನ್ನುತ್ತದೆ, ಆಟದ ದಿನ ಓಡೋಡಿ ಬರುತ್ತದೆ. ಕಾಗುಣಿತ ತಿರುಗಾಮುರುಗಾ, ಬಾಯಿಲೆಕ್ಕ ಚುರುಕು. ಇದು ಕಲಿಕಾ ನ್ಯೂನತೆ ಇರಬಹುದು. 2016ರ ಕಾಯ್ದೆಯ 21 ಬಗೆಗಳಲ್ಲಿ ಇದೂ ಒಂದು, ಹಳೆಯ 1995ರ ಕಾಯ್ದೆಯಲ್ಲಿ ಇರಲಿಲ್ಲ. ಎನ್‌ಸಿಇಆರ್‌ಟಿಯ ‘ಪ್ರಶಸ್ತ್’ ಆ್ಯಪ್‌ನಲ್ಲಿ ತರಗತಿಯ ಶಿಕ್ಷಕರೇ ತುಂಬಬಹುದಾದ ಪ್ರಶ್ನೆಪಟ್ಟಿ ಇದೆ. ಅದು ರೋಗನಿರ್ಣಯ ಮಾಡುವುದಿಲ್ಲ, ಯಾರನ್ನು ಮುಂದೆ ತೋರಿಸಬೇಕು ಎಂದು ಹೇಳುತ್ತದೆ, ಅಷ್ಟೇ. ಅಲ್ಲಿಯವರೆಗೆ ಆ ಮಗುವಿಗೆ ‘ದಡ್ಡ’ ಎನ್ನದಿದ್ದರೆ, ಕೈಗೆ ಕೋಲು ತಾಗಿಸದಿದ್ದರೆ ಅರ್ಧ ಹೊಟ್ಟೆನೋವು ಹೋಗುತ್ತದೆ. ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ಶಿಕ್ಷಣ ಹಕ್ಕು ಕಾಯ್ದೆ ಹೇಗೂ ನಿಷೇಧಿಸಿದೆ.

ಈಗ ಗೃಹಾಧಾರಿತ ಶಿಕ್ಷಣ. ಇದು ನನ್ನದೇ ಕೆಲಸದ ಭಾಗವಾದ್ದರಿಂದ ಇದರ ಒಳ್ಳೆಯದೂ ಗೊತ್ತು, ಕೆಟ್ಟದ್ದೂ ಗೊತ್ತು. ಹಾಸಿಗೆ ಬಿಟ್ಟು ಏಳಲಾಗದ ಮಗುವಿನ ಮನೆಗೆ ಶಿಕ್ಷಕಿ ಹೋಗಿ, ತಾಯಿಯ ಜೊತೆ ಕೂತು, ಚಮಚ ಹಿಡಿಯುವುದನ್ನು, ಹೆಸರು ಕರೆದರೆ ತಿರುಗುವುದನ್ನು ಕಲಿಸುವುದು ನಿಜವಾದ ಶಿಕ್ಷಣ. ಆದರೆ ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಏನು ಹೇಳುತ್ತದೆ ನೋಡಿ. ಬಹುವಿಧ ಅಥವಾ ತೀವ್ರ ಅಂಗವೈಕಲ್ಯವಿರುವ ಮಗುವಿಗೆ ಮನೆಯಲ್ಲೇ ಕಲಿಯುವುದನ್ನು ಆರಿಸಿಕೊಳ್ಳುವ ಹಕ್ಕಿದೆ. ಆಯ್ಕೆ ಮಗುವಿನದು, ಪೋಷಕರದು. ಶಾಲೆ ಆರಿಸುವಂತಿಲ್ಲ. ಶಾಲೆಗೆ ಬರಬಲ್ಲ ಮಗುವನ್ನು ಶೌಚಾಲಯವಿಲ್ಲ, ಹೊರುವವರಿಲ್ಲ ಎಂಬ ಕಾರಣಕ್ಕೆ ಈ ಪಟ್ಟಿಗೆ ಸೇರಿಸಿದರೆ ಶಾಲೆಯ ಲೆಕ್ಕದಲ್ಲಿ ಮಗು ದಾಖಲು, ಕಲಿಯುತ್ತಿದೆ, ಎಲ್ಲವೂ ಸರಿ. ತಾಯಿ ಮಾತ್ರ ಮೊದಲು ಪಡಸಾಲೆಯಲ್ಲಿದ್ದಳು, ಈಗ ಒಳಮನೆಯಲ್ಲಿ.

ಹಾಜರಿ ಪುಸ್ತಕದ ಬಗ್ಗೆ ಇನ್ನೊಂದು ಮಾತು. ಕಾರಣ ತಿಳಿಸದೆ ಸತತ ಏಳು ದಿನ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಎಂದು ಪರಿಗಣಿಸಿ ಹುಡುಕಿಕೊಂಡು ಹೋಗಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. 2013ರಲ್ಲಿ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ಕುರಿತು ಪತ್ರಿಕಾ ವರದಿಯೊಂದನ್ನು ಓದಿ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತ್ತು. ಉಳಿದ ಮಗು ಏಳು ದಿನ ಬಾರದಿದ್ದರೆ ಶಿಕ್ಷಕರು, ಸುತ್ತಲಿನ ಶಾಲೆಗಳ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ ಮನೆ ಬಾಗಿಲಿಗೆ ಹೋಗುತ್ತಾರೆ. ಈ ಮಗು ಬಾರದಿದ್ದರೆ ‘ಪಾಪ, ಹುಷಾರಿಲ್ಲವೇನೋ’. ಇನ್ನೂ ಕೆಲವು ಕಡೆ ಕನಿಕರದಿಂದಲೋ, ಮಕ್ಕಳ ಸಂಖ್ಯೆ ಕಡಿಮೆಯಾದರೆ ಹುದ್ದೆ ಹೋಗುತ್ತದೆಂಬ ಹೆದರಿಕೆಯಿಂದಲೋ ಬಾರದ ಮಗುವಿಗೆ ಹಾಜರಿ ಹಾಕಿಬಿಡುತ್ತಾರೆ. ಕನಿಕರದ ಹಾಜರಿ ಎಲ್ಲಕ್ಕಿಂತ ಅಪಾಯಕಾರಿ. ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಮಗು ದಿನವೂ ಬರುತ್ತಿರುವಾಗ ಅದಕ್ಕೆ ಆಟೊ ಬೇಕು, ಸಹಾಯಕಿ ಬೇಕು ಎಂದು ಯಾವ ಮುಖ ಹೊತ್ತು ಅರ್ಜಿ ಹಾಕುತ್ತೀರಿ?

ಶಿಕ್ಷಕರ ಕೊರತೆಯ ವಿಷಯ ನಿಮಗೆಲ್ಲ ಗೊತ್ತೇ ಇದೆ, ಅದರಲ್ಲಿ ಹೆಚ್ಚು ಹೊತ್ತು ಕಳೆಯುವುದಿಲ್ಲ. ಕಿರಿಯ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಹಿರಿಯ ಪ್ರಾಥಮಿಕ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂಬ ಪ್ರಮಾಣವನ್ನು ಸುಪ್ರೀಂ ಕೋರ್ಟಿನ 2021ರ ತೀರ್ಪಿನ ನಂತರ ಕೇಂದ್ರ ಸರ್ಕಾರ 2022ರಲ್ಲಿ ನಿಗದಿ ಮಾಡಿದೆ. ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಿಂದ ಹೊರಟು ತಾಲ್ಲೂಕಿನ ಶಾಲೆಗಳನ್ನೆಲ್ಲ ಸುತ್ತುವ ನಮ್ಮಂಥವರು ಆ ಪ್ರಮಾಣದ ಹತ್ತಿರಕ್ಕೂ ಬರುವುದಿಲ್ಲ. ನಾವು ಬಂದು ಹೋಗುವವರು. ದಿನವೂ ಇರುವವರು ನೀವು.

ಎಸ್‌ಡಿಎಂಸಿಯವರಿಗೆ ನೇರವಾಗಿ ಒಂದು ಪ್ರಶ್ನೆ. ನಮ್ಮ ರಾಜ್ಯದಲ್ಲಿ ಈ ಸಮಿತಿಗಳು ಬಂದದ್ದು 2001ರಲ್ಲಿ. ಸಮಿತಿಯಲ್ಲಿ ಅವಕಾಶವಂಚಿತ ಮಕ್ಕಳ ಪೋಷಕರಿಗೆ ಪ್ರಾತಿನಿಧ್ಯ ಕೊಡಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. 2012ರ ತಿದ್ದುಪಡಿ ಅಂಗವಿಕಲ ಮಕ್ಕಳನ್ನೂ ಆ ಗುಂಪಿಗೆ ಸೇರಿಸಿದೆ. ಇಲ್ಲಿ ಕೂತಿರುವ ಸದಸ್ಯರಲ್ಲಿ ಅಂಥ ಮಗುವಿನ ತಂದೆ ತಾಯಿ ಎಷ್ಟು ಜನ? ಕೈ ಎತ್ತಿ. (ಇಬ್ಬರು ಕೈ ಎತ್ತಿದರು. ಇಬ್ಬರೂ ತಂದೆಯರು.) ಸಂತೋಷ. ಮುಂದಿನ ಬಾರಿ ತಾಯಂದಿರು ಬರಲಿ, ಶೌಚಾಲಯದ ಬೀಗದ ಕೈ ಎಲ್ಲಿದೆ ಎಂದು ಅವರು ಮೊದಲ ಸಭೆಯಲ್ಲೇ ಕೇಳುತ್ತಾರೆ.

ನಾನು ಹೇಳಬೇಕಾದದ್ದು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ಮುಖ್ಯ ಶಿಕ್ಷಕರು ಕೇಳಿದರು: ‘ನಮ್ಮಲ್ಲಿ ವಿಶೇಷ ಶಿಕ್ಷಕರೇ ಇಲ್ಲ. ಬೌದ್ಧಿಕ ಅಂಗವೈಕಲ್ಯದ ಮಗುವನ್ನು ಸೇರಿಸಿಕೊಂಡು ಅನ್ಯಾಯ ಮಾಡಿದಂತಾಗುವುದಿಲ್ಲವೇ? ವಿಶೇಷ ಶಾಲೆಗೆ ಕಳುಹಿಸಿ ಎಂದು ಹೇಳುವುದು ತಪ್ಪೇ?’

ನಿಮ್ಮ ಕಾಳಜಿ ಅರ್ಥವಾಗುತ್ತದೆ ಸರ್. ವಿಶೇಷ ಶಾಲೆಯ ವಿವರ ಕೊಡುವುದು ತಪ್ಪಲ್ಲ. ಆದರೆ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲೋ, ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕಿದೆ. ಅವರು ನಿಮ್ಮ ಶಾಲೆಯನ್ನು ಆರಿಸಿಕೊಂಡರೆ ಸೇರಿಸಿಕೊಳ್ಳಲೇಬೇಕು. ಸೇರಿಸಿಕೊಂಡ ದಿನವೇ ಬಿಇಒ ಕಚೇರಿಗೆ ಪತ್ರ ಬರೆದು, ಈ ಮಗುವಿಗೆ ಇಂಥಿಂಥ ನೆರವು ಬೇಕು ಎಂದು ಕೇಳಿ, ಪ್ರತಿಯನ್ನು ಬಿಆರ್‌ಸಿಗೆ ಕೊಡಿ. ಬೇಡಿಕೆ ಕಾಗದದ ಮೇಲೆ ಇಲ್ಲದಿದ್ದರೆ ಹುದ್ದೆಯೂ ಬರುವುದಿಲ್ಲ, ಭತ್ಯೆಯೂ ಬರುವುದಿಲ್ಲ.

ಹಿಂದಿನ ಸಾಲಿನ ಒಬ್ಬ ತಾಯಿ: ‘ನನ್ನ ಮಗಳಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ ಮೇಡಂ. ಅಂಗವಿಕಲರ ಗುರುತಿನ ಕಾರ್ಡು ಇನ್ನೂ ಆಗಿಲ್ಲ. ಕಾರ್ಡು ಬಂದ ಮೇಲೆ ಶಾಲೆಗೆ ಸೇರಿಸಿ ಎಂದಿದ್ದಾರೆ.’

ಕಾಯಬೇಡಿ ತಾಯಿ, ನಾಳೆಯೇ ಸೇರಿಸಿ. ಶಾಲೆಗೆ ಸೇರಲು ಆ ಯುಡಿಐಡಿ ಕಾರ್ಡು ಬೇಕಾಗಿಲ್ಲ, ಅದು ಬೇಕಾಗುವುದು ಭತ್ಯೆ, ಪಾಸು, ಮಾಸಾಶನಗಳಿಗೆ. ಮಗಳ ಆಧಾರ್, ಒಂದು ಫೋಟೊ, ಇದುವರೆಗೆ ತೋರಿಸಿದ ಆಸ್ಪತ್ರೆ ಚೀಟಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ. ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಬೇಕು, ಆಮೇಲೆ ಜಿಲ್ಲಾ ಆಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆ ಮಾಡುತ್ತಾರೆ. ಅಲ್ಲಿ ಸಾಧ್ಯವಾಗದಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಬರೆದುಕೊಡಿ ಎಂದು ಕೇಳಿ. ಶಾಲೆಯಲ್ಲಿ ಅವಳನ್ನು ಮುಂದಿನ ಸಾಲಿನಲ್ಲಿ, ಟೀಚರ್ ಮುಖ ಕಾಣುವ ಕಡೆ ಕೂರಿಸಲು ಹೇಳಿ. ಅರ್ಜಿ ಹಾಕಲು ಸೈಬರ್ ಅಂಗಡಿಗೆ ದುಡ್ಡು ಸುರಿಯಬೇಡಿ. ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ, ಅದು ಅವರ ಕೆಲಸವೇ. ಊಟಕ್ಕೆ ಏಳುವ ಮುಂಚೆ ಮಗಳ ಹೆಸರು, ಹುಟ್ಟಿದ ದಿನಾಂಕ ಅವರಿಗೆ ಬರೆಸಿ ಹೋಗಿ.